ಬ್ರೇಕ್ ಇದೆ, ತುಳಿಯುವ ಪಾಠವಿಲ್ಲ

2025ರ ಜನವರಿ 22ರ ಬೆಳಗಿನ ಜಾವ, ಹಾವೇರಿ ಜಿಲ್ಲೆಯ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿ ಹೊತ್ತು ಹೊರಟಿದ್ದ ಲಾರಿಯೊಂದು ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿ ಹತ್ತು ಮಂದಿ ಪ್ರಾಣ ಕಳೆದುಕೊಂಡರು. ಇನ್ನೊಂದು ವಾಹನಕ್ಕೆ ದಾರಿ ಬಿಡುವ ಯತ್ನದಲ್ಲಿ ಚಾಲಕ ಲಾರಿಯನ್ನು ಎಡಕ್ಕೆ ತಿರುಗಿಸಿದ್ದೇ ದುರಂತಕ್ಕೆ ಕಾರಣ ಎಂದು ಪೊಲೀಸರು ಅಂದು ತಿಳಿಸಿದ್ದರು. ಸುದ್ದಿ ಎರಡು ದಿನ ಪತ್ರಿಕೆಗಳಲ್ಲಿ ಇತ್ತು. ಸಂತಾಪ ಸೂಚನೆ, ಪರಿಹಾರ ಘೋಷಣೆ, ತಡೆಗೋಡೆಯ ಕೊರತೆಯ ಬಗ್ಗೆ ಚರ್ಚೆ ಎಲ್ಲವೂ ನಡೆದವು. ನಡೆಯದೇ ಹೋದದ್ದು ಒಂದೇ ಚರ್ಚೆ: ಎದುರಿಗೆ ಅಪಾಯ ಕಂಡ ಆ ಒಂದೆರಡು ಸೆಕೆಂಡುಗಳಲ್ಲಿ ಏನು ಮಾಡಬೇಕೆಂದು ನಮ್ಮ ಚಾಲಕರಿಗೆ ಯಾರಾದರೂ, ಎಂದಾದರೂ ಕಲಿಸಿದ್ದಾರೆಯೇ?

ಆ ಚಾಲಕನ ತಪ್ಪು–ಸರಿಗಳ ವಿಚಾರಣೆ ನನ್ನ ಉದ್ದೇಶವಲ್ಲ. ಘಟ್ಟದ ಕತ್ತಲಲ್ಲಿ, ಭಾರ ಹೊತ್ತ ವಾಹನದಲ್ಲಿ ಕುಳಿತವನ ಸ್ಥಿತಿಯನ್ನು ಮೇಜಿನ ಮುಂದೆ ಕುಳಿತು ಅಳೆಯಲಾಗದು. ಆದರೆ ಅಪಾಯ ಎದುರಾದಾಗ ಕಾಲಿಗಿಂತ ಮೊದಲು ಕೈ ಚಲಿಸುವುದು, ಅಂದರೆ ಬ್ರೇಕ್ ತುಳಿಯುವ ಬದಲು ಸ್ಟಿಯರಿಂಗ್ ತಿರುಗಿಸುವುದು, ತರಬೇತಿಯಿಲ್ಲದ ಮನುಷ್ಯನ ಸಹಜ ಪ್ರತಿಕ್ರಿಯೆ. ಆ ಪ್ರತಿಕ್ರಿಯೆಯನ್ನು ತಿದ್ದುವ ವ್ಯವಸ್ಥೆ ನಮ್ಮಲ್ಲಿ ಇಲ್ಲ ಎಂಬುದೇ ಈ ಲೇಖನದ ವಿಷಯ.

ಉತ್ತರ ಕನ್ನಡದ ಕರಾವಳಿಯಲ್ಲಿ ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾವರೆಗಿನ ಸುಮಾರು 60 ಕಿ.ಮೀ. ಹೆದ್ದಾರಿಯನ್ನು ನಾನು ಸೇವೆಯಲ್ಲಿದ್ದಾಗಲೂ, ನಿವೃತ್ತಿಯ ನಂತರವೂ ಹಲವು ಬಾರಿ ಕ್ರಮಿಸಿದ್ದೇನೆ. ಅಂದು ಅದು ರಾಷ್ಟ್ರೀಯ ಹೆದ್ದಾರಿ 17. 2010ರ ಮರುಸಂಖ್ಯೆಯ ನಂತರ 66. ಅಂದಿನ ಕಿರಿದಾದ, ತಿರುವುಗಳ ರಸ್ತೆಯಲ್ಲಿ ವೇಗಕ್ಕೆ ರಸ್ತೆಯೇ ಕಡಿವಾಣ ಹಾಕುತ್ತಿತ್ತು. 2014ರ ಸುಮಾರಿಗೆ ಆರಂಭವಾದ ಚತುಷ್ಪಥ ಕಾಮಗಾರಿ ಹತ್ತು ವರ್ಷ ದಾಟಿದ ಮೇಲೂ ಕೆಲವೆಡೆ ಅಪೂರ್ಣವಾಗಿಯೇ ಉಳಿದಿತ್ತು. ಪರಿಣಾಮವಾಗಿ ವಿಶಾಲ ರಸ್ತೆಯಲ್ಲಿ ವೇಗ ಪಡೆದ ವಾಹನ ಮರುಕ್ಷಣವೇ ಊರೊಳಗಿನ ಕೂಡುರಸ್ತೆಗೆ ಬಂದು ಬೀಳುತ್ತದೆ. ಶಿರಾಲಿ, ಬಸ್ತಿಮಕ್ಕಿ, ಮಂಕಿ, ಕರ್ಕಿ, ಹಳದಿಪುರ, ಧಾರೇಶ್ವರ ಹೀಗೆ ಸಾಲಾಗಿ ಬರುವ ಊರುಗಳಲ್ಲಿ ಮನೆ ಒಂದು ಬದಿಗಾದರೆ ಶಾಲೆ, ಬಸ್ ನಿಲ್ದಾಣ, ಕಡಲತೀರ ಇನ್ನೊಂದು ಬದಿಗೆ. ಹೆದ್ದಾರಿಯನ್ನು ದಾಟದೆ ಇಲ್ಲಿ ಯಾರ ದಿನವೂ ಮುಗಿಯುವುದಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ಡಾಂಬರಿನ ಮೇಲೆಯೇ ಮಲಗುವ ಜಾನುವಾರುಗಳು ಬೇರೆ. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮೀರುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುವ ಪ್ರದೇಶವಿದು. ವಾಹನವನ್ನು ಹಠಾತ್ತನೆ ನಿಲ್ಲಿಸಬೇಕಾದ ಸಂದರ್ಭಗಳು ಇಲ್ಲಿ ಅಪರೂಪವಲ್ಲ, ನಿತ್ಯದ ಸಂಗತಿ.

ಇಂಥ ರಸ್ತೆಯಲ್ಲಿ ಸಾಗುವ ವಾಹನಗಳ ಸ್ವರೂಪವನ್ನೂ ಗಮನಿಸಬೇಕು. ಮಂಗಳೂರು, ಗೋವಾ, ಮುಂಬೈ ಕಡೆಯ ಸರಕು ಲಾರಿಗಳು, ಅನಿಲ ಹಾಗೂ ತೈಲದ ಟ್ಯಾಂಕರ್‌ಗಳು, ಬಂದರುಗಳಿಂದ ಮೀನು ಹೊತ್ತು ಮಂಜುಗಡ್ಡೆ ಕರಗುವ ಮೊದಲು ಮಾರುಕಟ್ಟೆ ಮುಟ್ಟಬೇಕಾದ ಪಿಕಪ್‌ಗಳು, ಮುರ್ಡೇಶ್ವರ, ಇಡಗುಂಜಿ, ಗೋಕರ್ಣಗಳಿಗೆ ಬರುವ ಪ್ರವಾಸಿಗರ ಕಾರುಗಳು, ಇವೆಲ್ಲದರ ನಡುವೆ ಅಸಂಖ್ಯ ಸ್ಕೂಟರು, ಬೈಕುಗಳು. ಕುಮಟಾ ತಾಲ್ಲೂಕಿನ ಬರ್ಗಿಯಲ್ಲಿ 2015ರ ಸೆಪ್ಟೆಂಬರ್‌ನಲ್ಲಿ ಅನಿಲ ಟ್ಯಾಂಕರ್ ಉರುಳಿ ಹೊತ್ತಿಕೊಂಡು, ಮನೆಯಲ್ಲಿದ್ದವರೂ ಸೇರಿದಂತೆ ಹಲವರು ಬಲಿಯಾದದ್ದು ಆ ಭಾಗದ ಜನರ ನೆನಪಿನಿಂದ ಮಾಸಿಲ್ಲ. ಒಬ್ಬ ಚಾಲಕನ ನಿಯಂತ್ರಣ ತಪ್ಪಿದರೆ ಅದರ ಬೆಲೆ ತೆರುವವರು ಅವನೊಬ್ಬನೇ ಅಲ್ಲ. ಅರ್ಥಶಾಸ್ತ್ರದಲ್ಲಿ ಇದನ್ನು ಬಾಹ್ಯ ಪರಿಣಾಮ ಎನ್ನುತ್ತೇವೆ. ಬಾಹ್ಯ ಪರಿಣಾಮ ಇರುವಲ್ಲಿ ಸರ್ಕಾರಕ್ಕೆ ಮಧ್ಯಪ್ರವೇಶಿಸುವ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಇರುತ್ತದೆ.

ಈಗ ಒಂದು ಸ್ಥೂಲ ಲೆಕ್ಕ. ಅಪಾಯ ಕಂಡ ಕ್ಷಣದಿಂದ ಕಾಲು ಬ್ರೇಕ್ ಮೇಲೆ ಬೀಳಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳೋಣ. ಗಂಟೆಗೆ 60 ಕಿ.ಮೀ. ವೇಗದ ಕಾರು ಅಷ್ಟರಲ್ಲೇ 25 ಮೀಟರ್ ಸಾಗಿರುತ್ತದೆ. ಒಣ ರಸ್ತೆಯಲ್ಲಿ, ಒಳ್ಳೆಯ ಟೈರ್‌ಗಳಿದ್ದು, ಪೂರ್ಣ ಬಲದಿಂದ ಬ್ರೇಕ್ ತುಳಿದರೆ ಇನ್ನೂ 20 ಮೀಟರ್ ಬೇಕು. ಒಟ್ಟು 45 ಮೀಟರ್. ಒದ್ದೆ ರಸ್ತೆ, ಸವೆದ ಟೈರ್ ಆದರೆ ಸುಮಾರು 60 ಮೀಟರ್. ವೇಗ 80 ಆದಾಗ ಒಣ ರಸ್ತೆಯಲ್ಲಿ 68 ಮೀಟರ್, ಒದ್ದೆಯಲ್ಲಿ 95 ಮೀಟರ್ ಬೇಕಾಗುತ್ತದೆ. ಇದನ್ನೇ ಇನ್ನೊಂದು ರೀತಿಯಲ್ಲಿ ನೋಡಬಹುದು. ಅಕ್ಕಪಕ್ಕದಲ್ಲಿ 60 ಮತ್ತು 80ರ ವೇಗದಲ್ಲಿ ಸಾಗುತ್ತಿರುವ ಎರಡು ಕಾರುಗಳ ಚಾಲಕರು ಒಂದೇ ಕ್ಷಣದಲ್ಲಿ ಅಪಾಯ ಕಂಡು ಬ್ರೇಕ್ ಹಾಕಿದರೆ, ಮೊದಲನೆಯ ಕಾರು ಪೂರ್ತಿ ನಿಲ್ಲುವ ಜಾಗದಲ್ಲಿ ಎರಡನೆಯ ಕಾರು ಇನ್ನೂ ಗಂಟೆಗೆ ಸುಮಾರು 65 ಕಿ.ಮೀ. ವೇಗದಲ್ಲಿರುತ್ತದೆ. ಆ ಜಾಗದಲ್ಲಿ ರಸ್ತೆ ದಾಟುತ್ತಿರುವ ವಿದ್ಯಾರ್ಥಿಗೆ ಇದು ಬದುಕು–ಸಾವಿನ ವ್ಯತ್ಯಾಸ.

ಈ ಲೆಕ್ಕ ನಮ್ಮ ಎಂಜಿನಿಯರುಗಳಿಗೆ ಗೊತ್ತಿಲ್ಲದ್ದಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡಗಳು ಚಾಲಕನ ಪ್ರತಿಕ್ರಿಯೆಗೆ ಎರಡೂವರೆ ಸೆಕೆಂಡ್ ಅವಕಾಶ ಕೊಟ್ಟು, 80 ಕಿ.ಮೀ. ವೇಗದ ರಸ್ತೆಯಲ್ಲಿ 120 ಮೀಟರ್, 100 ಕಿ.ಮೀ. ವೇಗದ ರಸ್ತೆಯಲ್ಲಿ 180 ಮೀಟರ್ ದೂರ ಮುಂದಿನ ದಾರಿ ಕಾಣಿಸಬೇಕು ಎನ್ನುತ್ತವೆ. ಅಂದರೆ ರಸ್ತೆಯನ್ನು ವಿನ್ಯಾಸಗೊಳಿಸುವವನಿಗೆ ನಿಲುಗಡೆಯ ದೂರ ಎಂದರೇನೆಂದು ತಿಳಿದಿದೆ; ಅದೇ ರಸ್ತೆಯ ಮೇಲೆ ವಾಹನ ಓಡಿಸುವವನಿಗೆ ಅದನ್ನು ಯಾರೂ ಹೇಳಿಲ್ಲ.

ಮೇಲಿನ ಲೆಕ್ಕದಲ್ಲಿ ಒಂದು ಉದಾರ ಊಹೆಯಿದೆ. ಚಾಲಕ ಬ್ರೇಕನ್ನು ಪೂರ್ಣ ಬಲದಿಂದ ತುಳಿಯುತ್ತಾನೆ ಎಂಬುದು ಆ ಊಹೆ. ವಾಸ್ತವ ಹಾಗಿಲ್ಲ. 1990ರ ದಶಕದ ಆರಂಭದಲ್ಲಿ ಜರ್ಮನಿಯ ಡೈಮ್ಲರ್–ಬೆಂಜ್ ಕಂಪನಿ ಬರ್ಲಿನ್‌ನ ತನ್ನ ಸಿಮ್ಯುಲೇಟರ್‌ನಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಬಹುಪಾಲು ಸಾಮಾನ್ಯ ಚಾಲಕರು ತುರ್ತು ಸಂದರ್ಭದಲ್ಲಿ ಬ್ರೇಕ್ ಪೆಡಲನ್ನು ಬೇಗನೆ ಮುಟ್ಟಿದರೂ ಸಾಕಷ್ಟು ಬಲವಾಗಿ ಒತ್ತುವುದಿಲ್ಲ ಎಂಬುದು ಕಂಡುಬಂತು. ಆ ಕೊರತೆ ತುಂಬಲೆಂದೇ 1996ರಲ್ಲಿ ಬ್ರೇಕ್ ಅಸಿಸ್ಟ್ ಎಂಬ ಸಾಧನ ಮಾರುಕಟ್ಟೆಗೆ ಬಂತು. ಅರ್ಧ ಬಲದ ಬ್ರೇಕ್ ಎಂದರೆ ಏನು? 80ರ ವೇಗದಲ್ಲಿ 35 ಮೀಟರ್‌ನಲ್ಲಿ ಮುಗಿಯಬೇಕಾದ ಬ್ರೇಕಿಂಗ್ 70 ಮೀಟರ್‌ವರೆಗೆ ಎಳೆಯುತ್ತದೆ. ಬ್ರೇಕ್ ಕೆಟ್ಟಿರುವುದಿಲ್ಲ, ಚಾಲಕ ಕುಡಿದಿರುವುದಿಲ್ಲ, ರಸ್ತೆಯಲ್ಲಿ ಹೊಂಡವೂ ಇರುವುದಿಲ್ಲ. ಆದರೂ ಅಪಘಾತ ಸಂಭವಿಸುತ್ತದೆ.

ಉಪಕರಣ ಇದ್ದಮಾತ್ರಕ್ಕೆ ಸಮಸ್ಯೆ ಬಗೆಹರಿಯದು ಎಂಬುದಕ್ಕೆ ಎಬಿಎಸ್ ಉತ್ತಮ ನಿದರ್ಶನ. ಚಕ್ರಗಳು ಸಿಲುಕಿ ಜಾರದಂತೆ ತಡೆಯುವ ಈ ವ್ಯವಸ್ಥೆ ನಮ್ಮಲ್ಲಿ ಹೊಸ ಕಾರುಗಳಿಗೂ 125 ಸಿಸಿ ಮೀರಿದ ದ್ವಿಚಕ್ರ ವಾಹನಗಳಿಗೂ 2019ರ ಏಪ್ರಿಲ್‌ನಿಂದ ಪೂರ್ಣವಾಗಿ ಕಡ್ಡಾಯವಾಯಿತು. ಎಬಿಎಸ್ ಕೆಲಸ ಮಾಡುವಾಗ ಪೆಡಲ್ ಕಾಲಡಿಯಲ್ಲಿ ಅದುರುತ್ತದೆ, ಕಟಕಟ ಸದ್ದಾಗುತ್ತದೆ. ಅದನ್ನು ಎಂದೂ ಅನುಭವಿಸದ ಚಾಲಕ ಏನೋ ಮುರಿಯಿತೆಂದು ಬೆದರಿ ಕಾಲು ಸಡಿಲಿಸುತ್ತಾನೆ. ಮಾಡಬೇಕಾದದ್ದು ಅದರ ವಿರುದ್ಧ: ಕಾಲನ್ನು ಒತ್ತಿಯೇ ಹಿಡಿದು, ಹೋಗಬೇಕಾದ ದಿಕ್ಕಿಗೆ ನೋಡುತ್ತಾ, ಅಗತ್ಯವಿದ್ದಷ್ಟೇ ಸ್ಟಿಯರಿಂಗ್ ತಿರುಗಿಸುವುದು. ಎಬಿಎಸ್ ಇಲ್ಲದ ಹಳೆಯ ವಾಹನದಲ್ಲಿ ಇದೇ ಕ್ರಮ ನಡೆಯದು. ಚಕ್ರ ಸಿಲುಕಿದ ತಕ್ಷಣ ಒತ್ತಡವನ್ನು ತುಸು ಸಡಿಲಿಸಿ ಮತ್ತೆ ಒತ್ತಬೇಕು. ತನ್ನ ವಾಹನ ಯಾವ ಬಗೆಯದು ಎಂಬುದೇ ಗೊತ್ತಿಲ್ಲದ ಚಾಲಕರು ನಮ್ಮಲ್ಲಿ ಎಷ್ಟಿಲ್ಲ?

ದ್ವಿಚಕ್ರ ಸವಾರರ ಸ್ಥಿತಿ ಇನ್ನೂ ಚಿಂತಾಜನಕ. ಮುಂದಿನ ಬ್ರೇಕ್ ಹಿಡಿದರೆ ಬಿದ್ದೇಬಿಡುತ್ತೇವೆ ಎಂಬ ಭಯ ನಮ್ಮ ಊರುಗಳಲ್ಲಿ ಅಪ್ಪನಿಂದ ಮಗನಿಗೆ ಬಳುವಳಿಯಾಗಿ ಬಂದಿದೆ. ಬ್ರೇಕ್ ಹಾಕಿದಾಗ ವಾಹನದ ಭಾರ ಮುಂದಕ್ಕೆ ಸರಿಯುವುದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಇರುವುದು ಮುಂಚಕ್ರದಲ್ಲೇ. ಹಿಂದಿನ ಬ್ರೇಕನ್ನಷ್ಟೇ ನಂಬಿದವನು ತನಗಿರುವ ಶಕ್ತಿಯ ಸಣ್ಣ ಭಾಗವನ್ನು ಮಾತ್ರ ಬಳಸುತ್ತಾನೆ. ಹಿಂಚಕ್ರ ಸಿಲುಕಿ ಅಡ್ಡ ಜಾರುವ ಅಪಾಯ ಬೇರೆ. ವಾಹನವನ್ನು ನೇರವಾಗಿ ಇಟ್ಟುಕೊಂಡು, ಎರಡೂ ಬ್ರೇಕ್‌ಗಳನ್ನು ಒಟ್ಟಿಗೆ, ಮುಂದಿನದನ್ನು ಹಿಂಡಿದಂತೆ ಕ್ರಮೇಣ ಬಿಗಿಗೊಳಿಸುವುದು ಸರಿಯಾದ ವಿಧಾನ. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ, ಹತ್ತಿಪ್ಪತ್ತು ಬಾರಿ ಮಾಡಿದಾಗ ಕೈಗೆ ಬರುವ ವಿದ್ಯೆ. 2023ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,72,890 ಮಂದಿಯಲ್ಲಿ ಶೇ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನಗಳಲ್ಲಿದ್ದವರು ಎಂಬುದನ್ನು ಇಲ್ಲಿ ನೆನೆಯಬೇಕು.

ಹಾಗಾದರೆ ಕಾನೂನು ಏನು ಹೇಳುತ್ತದೆ? ಓದುಗರಿಗೆ ಅಚ್ಚರಿಯಾಗಬಹುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೆಯ ನಿಯಮ, ಚಾಲನಾ ಪರೀಕ್ಷೆಯಲ್ಲಿ ಅಭ್ಯರ್ಥಿ ತೋರಿಸಬೇಕಾದ ಸಾಮರ್ಥ್ಯಗಳ ಉದ್ದನೆಯ ಪಟ್ಟಿಯನ್ನೇ ಕೊಡುತ್ತದೆ. ತುರ್ತು ಸಂದರ್ಭದಲ್ಲಿ ವಾಹನವನ್ನು ನಿಲ್ಲಿಸುವುದು ಅದರಲ್ಲೊಂದು. ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬದಲಾಯಿಸುವುದು ಇನ್ನೊಂದು. ಅಂದರೆ ಹೊಸ ಕಾನೂನು ಬೇಕಿಲ್ಲ. ಮೂರೂವರೆ ದಶಕಗಳಿಂದ ಇರುವ ನಿಯಮವನ್ನು ಪಾಲಿಸಿದರೆ ಸಾಕು. ಆದರೆ ಪರೀಕ್ಷೆಯ ದಿನ ನಮ್ಮಲ್ಲಿ ನಡೆಯುವುದೇನು? ಎಂಟರ ಆಕಾರದಲ್ಲಿ ಒಂದು ಸುತ್ತು, ತುಸು ಹಿಂದಕ್ಕೆ ಚಾಲನೆ, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದು, ಕೈಸನ್ನೆ. ಬಹುತೇಕ ಎಲ್ಲವೂ ನಡಿಗೆಯ ವೇಗದಲ್ಲಿ. 40 ಕಿ.ಮೀ. ವೇಗದಿಂದ ಹಠಾತ್ತನೆ ನಿಲ್ಲಿಸಿ ತೋರಿಸಿ ಎಂದು ಕೇಳಿಸಿಕೊಂಡ ಅಭ್ಯರ್ಥಿಯನ್ನು ನಾನು ಈವರೆಗೆ ಭೇಟಿಯಾಗಿಲ್ಲ. ಪರೀಕ್ಷೆಯಲ್ಲಿ ಕೇಳದ್ದನ್ನು ಡ್ರೈವಿಂಗ್ ಶಾಲೆ ಏಕೆ ಕಲಿಸೀತು? ಬಹಳಷ್ಟು ಶಾಲೆಗಳಲ್ಲಿ ಬ್ರೇಕ್‌ಗಿಂತ ಮೊದಲು ಕ್ಲಚ್ ತುಳಿಯುವ ಅಭ್ಯಾಸ ಬೆಳೆಯುತ್ತದೆ. ಎಂಜಿನ್ ಬಂದ್ ಆಗದಿರಲು ಅದು ಅನುಕೂಲ. ತುರ್ತಿನಲ್ಲಿ ಮತ್ತು ಇಳಿಜಾರಿನಲ್ಲಿ ಅದೇ ಅಪಾಯ.

ಈ ಪರೀಕ್ಷೆಯ ಮಹತ್ವ ಇತ್ತೀಚೆಗೆ ಇನ್ನಷ್ಟು ಹೆಚ್ಚಿದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಲಘು ಮೋಟಾರು ವಾಹನದ ಲೈಸೆನ್ಸ್ ಇರುವವರು 7,500 ಕೆ.ಜಿ. ಮೀರದ ಸಾರಿಗೆ ವಾಹನಗಳನ್ನು ಪ್ರತ್ಯೇಕ ಅನುಮತಿಯಿಲ್ಲದೆ ಓಡಿಸಬಹುದು ಎಂದು ತೀರ್ಪಿತ್ತಿದೆ. ಲಕ್ಷಾಂತರ ಚಾಲಕರ ಜೀವನೋಪಾಯದ ದೃಷ್ಟಿಯಿಂದ ಅದು ಸ್ವಾಗತಾರ್ಹ. ಆದರೆ ಸಣ್ಣ ಕಾರಿನಲ್ಲಿ ಎಂಟು ಸುತ್ತಿ ಲೈಸೆನ್ಸ್ ಪಡೆದವನು ಮರುದಿನವೇ ಮೀನು ತುಂಬಿದ ಪಿಕಪ್ ಏರಬಹುದು. ಭಾರ ಹೊತ್ತ ವಾಹನ ಖಾಲಿ ಕಾರಿನಂತೆ ನಿಲ್ಲುವುದಿಲ್ಲ ಎಂಬ ಪಾಠ ಅವನಿಗೆ ದೊರೆಯುವುದು ಹೆದ್ದಾರಿಯಲ್ಲೇ.

ಇಲ್ಲೊಂದು ಆಡಳಿತಾತ್ಮಕ ತೊಡಕೂ ಇದೆ. ಅಪಘಾತವಾದ ಮೇಲೆ ದಾಖಲಾಗುವ ಪ್ರಕರಣದ ಭಾಷೆ ಸಿದ್ಧವಾಗಿಯೇ ಇರುತ್ತದೆ: ‘ಅತಿವೇಗ ಮತ್ತು ನಿರ್ಲಕ್ಷ್ಯದ ಚಾಲನೆ’. ಹಿಂದೆ ಭಾರತೀಯ ದಂಡ ಸಂಹಿತೆಯ 279 ಮತ್ತು 304ಎ ಕಲಂಗಳು. 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106. ಅಪರಾಧಿಯನ್ನು ಗುರುತಿಸಲು ಈ ಭಾಷೆ ಸಾಕು, ಕಾರಣವನ್ನು ಗುರುತಿಸಲು ಸಾಲದು. 2022ರ ರಾಷ್ಟ್ರೀಯ ಅಂಕಿಅಂಶಗಳಲ್ಲಿ ಶೇ 70ಕ್ಕೂ ಹೆಚ್ಚು ಸಾವುಗಳು ಅತಿವೇಗದ ಖಾತೆಗೆ ಸೇರಿವೆ. ಅದೇ ವರ್ಷ ಐದರಲ್ಲಿ ಸುಮಾರು ಒಂದು ಅಪಘಾತ ಹಿಂಬದಿಯ ಡಿಕ್ಕಿ. ಹಿಂಬದಿಯ ಡಿಕ್ಕಿ ಎಂದರೆ ಮುಂದಿನ ವಾಹನ ನಿಧಾನಿಸಿತು, ಹಿಂದಿನದು ನಿಲ್ಲಲಿಲ್ಲ ಎಂದೇ ಅರ್ಥ. ಚಾಲಕ ಬ್ರೇಕ್ ತುಳಿದನೇ, ಎಷ್ಟು ದೂರದಿಂದ ತುಳಿದ, ಎತ್ತ ತಿರುಗಿಸಿದ ಎಂಬ ಪ್ರಶ್ನೆಗಳಿಗೆ ನಮ್ಮ ಕಡತಗಳಲ್ಲಿ ಸರಿಯಾದ ಉತ್ತರ ಸಿಗದು. ಕೇಳದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಉತ್ತರವಿಲ್ಲದ ವಿಷಯಕ್ಕೆ ಬಜೆಟ್‌ನಲ್ಲಿ ಹಣವೂ ಸಿಗುವುದಿಲ್ಲ.

ತರಬೇತಿಯ ವಿಷಯದಲ್ಲಿ ಒಂದು ಗಂಭೀರ ಆಕ್ಷೇಪವೂ ಇದೆ, ಅದನ್ನು ಮರೆಮಾಚಬಾರದು. ಷಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲೇ, ಸುರಕ್ಷತೆ ಹೆಚ್ಚಿದಂತೆ ಚಾಲಕರು ಹೆಚ್ಚು ಧೈರ್ಯದಿಂದ ಓಡಿಸಿ ಅದರ ಲಾಭವನ್ನು ಕರಗಿಸಿಬಿಡುತ್ತಾರೆ ಎಂದು ವಾದಿಸಿದ್ದರು. 1980ರ ದಶಕದಲ್ಲಿ ಮ್ಯೂನಿಕ್ ನಗರದ ಟ್ಯಾಕ್ಸಿಗಳ ಮೇಲೆ ನಡೆದ ಅಧ್ಯಯನದಲ್ಲಿ ಎಬಿಎಸ್ ಇದ್ದ ಟ್ಯಾಕ್ಸಿಗಳಿಗೆ ಅಪಘಾತಗಳು ಕಡಿಮೆಯೇನೂ ಆಗಲಿಲ್ಲ. ನಾರ್ವೆಯಲ್ಲಿ ಜಾರುವ ರಸ್ತೆಯ ತರಬೇತಿ ಕಡ್ಡಾಯವಾದ ಮೇಲೆ ಯುವಕರ ಅಪಘಾತಗಳು ಇಳಿಯುವ ಬದಲು ಏರಿದ್ದವು. ತಾವು ಪರಿಣತರೆಂಬ ಭ್ರಮೆ ಅವರಲ್ಲಿ ಬೆಳೆದಿತ್ತು ಎಂಬುದು ಅದಕ್ಕೆ ಸಿಕ್ಕ ವಿವರಣೆ.

ಇದರಿಂದ ತರಬೇತಿಯೇ ವ್ಯರ್ಥ ಎಂದು ತೀರ್ಮಾನಿಸುವುದು ಸರಿಯಲ್ಲ. ಯಾವ ಬಗೆಯ ತರಬೇತಿ ಎಂಬುದು ಮುಖ್ಯ. ಸಾಹಸ ಕಲಿಸುವ ತರಬೇತಿ ಅಪಾಯಕಾರಿ. ಮಿತಿ ತೋರಿಸುವ ತರಬೇತಿ ಉಪಯುಕ್ತ. ಆಸ್ಟ್ರಿಯಾ 2003ರಿಂದ ಹೊಸ ಚಾಲಕರಿಗೆ ಲೈಸೆನ್ಸ್ ದೊರೆತ ಮೊದಲ ವರ್ಷದೊಳಗೆ ಒಂದು ದಿನದ ಸುರಕ್ಷತಾ ತರಬೇತಿಯನ್ನು, ಮನಶ್ಶಾಸ್ತ್ರಜ್ಞರೊಂದಿಗಿನ ಸಂವಾದ ಸಹಿತ, ಕಡ್ಡಾಯಗೊಳಿಸಿದೆ. ಬ್ರಿಟನ್ನಿನ ಬೈಕ್ ಪರೀಕ್ಷೆಯಲ್ಲಿ 50 ಕಿ.ಮೀ. ವೇಗದಿಂದ ತುರ್ತು ನಿಲುಗಡೆ ಮಾಡಿ ತೋರಿಸದೆ ಪಾಸಾಗುವಂತಿಲ್ಲ. ನಮ್ಮಲ್ಲಿ ಇದನ್ನು ಸರಳವಾಗಿಯೇ ಮಾಡಬಹುದು. 40ರ ವೇಗದಲ್ಲಿ ಬಂದು ಬ್ರೇಕ್ ಹಾಕಿದರೆ ತಾನು ಎಲ್ಲಿ ನಿಲ್ಲುತ್ತೇನೆ ಎಂದು ಚಾಲಕ ಮೊದಲೇ ಸುಣ್ಣದ ಗೆರೆ ಎಳೆಯಲಿ. ನಂತರ ಓಡಿಸಿ ನಿಲ್ಲಿಸಲಿ. ಅದನ್ನೇ ನೀರು ಹಾಯಿಸಿದ ನೆಲದ ಮೇಲೆ, ಆಮೇಲೆ 50ರ ವೇಗದಲ್ಲಿ ಮಾಡಲಿ. ತಾನೇ ಎಳೆದ ಗೆರೆಯನ್ನು ದಾಟಿ ಹೋದವನಿಗೆ ಭಾಷಣದ ಅಗತ್ಯವಿರುವುದಿಲ್ಲ. ಅವನು ಮರಳುವುದು ವೇಗದ ಚಾಲಕನಾಗಿ ಅಲ್ಲ, ಮುಂದಿನ ವಾಹನದಿಂದ ಅಂತರ ಕಾಯುವ ಚಾಲಕನಾಗಿ.

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಇದನ್ನು ಪ್ರಾಯೋಗಿಕವಾಗಿ ಆರಂಭಿಸಲು ಅನುಕೂಲಗಳಿವೆ. ಹೊನ್ನಾವರದಲ್ಲಿ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಯ ಕಚೇರಿಯಿದೆ. ಮೋಟಾರು ವಾಹನ ಕಾಯ್ದೆಯ 215ನೆಯ ಕಲಂ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಅವಕಾಶ ಕೊಟ್ಟಿದೆ. ಬೇಕಾದ ಜಾಗ ನೂರೈವತ್ತು ಮೀಟರ್ ಉದ್ದದ, ವಾಹನ ಸಂಚಾರವಿಲ್ಲದ ಗಟ್ಟಿ ನೆಲ. ಹೊಸ ರಸ್ತೆಯಾದಾಗ ಪಕ್ಕಕ್ಕೆ ಉಳಿದ ಹಳೆಯ ಹೆದ್ದಾರಿಯ ತುಣುಕುಗಳೂ ಆದೀತು. ಎಲ್ಲಕ್ಕಿಂತ ಮುಖ್ಯವಾಗಿ ಸಮಯ ತಾನಾಗಿಯೇ ಒದಗಿಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನು ಸಾಗಿಸುವ ವಾಹನಗಳ ಚಾಲಕರಿಗೆ ಆಗ ಕೆಲಸ ಕಡಿಮೆ. ರಸ್ತೆ ಒದ್ದೆಯಾಗಿರುವ ಕಾಲವೂ ಅದೇ. ವರ್ಷಕ್ಕೆ ಅರ್ಧ ದಿನದ ತರಬೇತಿಯನ್ನು ಆಗ ಉಚಿತವಾಗಿ ನೀಡಿ, ಹಾಜರಾದವರಿಗೆ ದಿನದ ಭತ್ಯೆಯನ್ನೂ ಕೊಡಬಹುದು. ಶಾಲಾ ವಾಹನಗಳ ಚಾಲಕರಿಗೆ ಬೇಸಿಗೆ ರಜೆಯಲ್ಲಿ, ಟೆಂಪೊ ಹಾಗೂ ಲಾರಿ ಚಾಲಕರಿಗೆ ಫಿಟ್‌ನೆಸ್ ಪ್ರಮಾಣಪತ್ರ ನವೀಕರಣದ ಸಮಯದಲ್ಲಿ ಇದೇ ವ್ಯವಸ್ಥೆ ಮಾಡಬಹುದು. ಘಟ್ಟ ಇಳಿಯುವ ಭಾರಿ ವಾಹನಗಳವರಿಗೆ, ಕೆಳಗಿನ ಗೇರು ಮತ್ತು ಎಂಜಿನ್ ಬಳಸಿ ಬ್ರೇಕ್ ಕಾಯದಂತೆ ನೋಡಿಕೊಳ್ಳುವ ಪಾಠ ಪ್ರತ್ಯೇಕವಾಗಿ ಬೇಕು. ದೇವಿಮನೆ ಘಟ್ಟವನ್ನೋ ಗೇರುಸೊಪ್ಪೆಯ ಇಳಿಜಾರನ್ನೋ ಬರೀ ಬ್ರೇಕ್ ನಂಬಿ ಇಳಿಯುವವನಿಗೆ ಬುಡದಲ್ಲಿ ಅದು ಕೈಕೊಡಬಹುದು.

ಎರಡನೆಯದಾಗಿ, ಲೈಸೆನ್ಸ್ ಪರೀಕ್ಷೆಯಲ್ಲಿ ತುರ್ತು ನಿಲುಗಡೆಯನ್ನು ನಿಯಮದಲ್ಲಿ ಇರುವಂತೆಯೇ ನಡೆಸಲು ಸಾರಿಗೆ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. 2021ರ ಜುಲೈನಿಂದ ಜಾರಿಗೆ ಬಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮ, ಲಘು ವಾಹನಕ್ಕೆ 29 ಗಂಟೆಗಳ ಶಿಕ್ಷಣವನ್ನು ನಿಗದಿಪಡಿಸಿದೆ. ಒಳ್ಳೆಯ ಯೋಜನೆಯೇ. ಆದರೆ ತಾಲ್ಲೂಕು ಮಟ್ಟದ ಸಾಮಾನ್ಯ ಡ್ರೈವಿಂಗ್ ಶಾಲೆಗೆ ಹೋಗುವ ಬಹುಸಂಖ್ಯಾತರು ಅಂಥ ಕೇಂದ್ರಗಳಿಗಾಗಿ ಕಾಯಲಾರರು. ಅವರಿಗೆ ಎರಡು ಗಂಟೆಯ ಪಾಠವಾದರೂ ಸಿಗಬೇಕು. ಮೂರನೆಯದಾಗಿ, ಅಪಘಾತದ ದತ್ತಾಂಶ ದಾಖಲಿಸುವ ಐರಾಡ್ ವ್ಯವಸ್ಥೆಯಲ್ಲಿ ಚಾಲಕನ ಕೊನೆಯ ಪ್ರತಿಕ್ರಿಯೆಯನ್ನು ಕಡ್ಡಾಯವಾಗಿ ನಮೂದಿಸುವಂತಾಗಲಿ. ಮೂರು ವರ್ಷಗಳ ನಂತರ ತರಬೇತಿ ಪಡೆದವರ ಮತ್ತು ಪಡೆಯದವರ ಅಪಘಾತಗಳನ್ನು ಹೋಲಿಸಿ ನೋಡಬಹುದು. ಫಲ ಕಾಣದಿದ್ದರೆ ಯೋಜನೆಯನ್ನು ಕೈಬಿಡುವ ಧೈರ್ಯವೂ ಇರಲಿ.

ಚಾಲಕನಿಗೆ ಕಲಿಸಿ ಎಂದರೆ ರಸ್ತೆ ಕಟ್ಟುವವರನ್ನು ಹೊಣೆಯಿಂದ ಬಿಡುಗಡೆ ಮಾಡಿದಂತೆ ಎಂದು ಯಾರೂ ತಿಳಿಯಬಾರದು. ಅಂಡರ್‌ಪಾಸ್, ಸರ್ವಿಸ್ ರಸ್ತೆ, ಬೀದಿದೀಪ, ಘಟ್ಟದಲ್ಲಿ ತಡೆಗೋಡೆ ಇವು ಜನರ ಹಕ್ಕು. 2024ರ ಜುಲೈನ ಶಿರೂರು ಗುಡ್ಡ ಕುಸಿತವನ್ನು ಕಂಡ ಜಿಲ್ಲೆಯಲ್ಲಿ ರಸ್ತೆ ನಿರ್ಮಾಣದ ಲೋಪಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆದರೆ ಒಂದು ಕೆಳಸೇತುವೆಗೆ ಕೋಟಿಗಟ್ಟಲೆ ಹಣ, ಹಲವು ವರ್ಷ ಬೇಕು. ತುರ್ತು ನಿಲುಗಡೆಯ ಪಾಠಕ್ಕೆ ಬೇಕಾದದ್ದು ಒಂದು ಮೈದಾನ, ಒಂದು ಟ್ಯಾಂಕರ್ ನೀರು, ಇಬ್ಬರು ತರಬೇತುದಾರರು. ಮೊದಲನೆಯದು ಬರುವವರೆಗೆ ಎರಡನೆಯದನ್ನು ತಡೆಹಿಡಿಯಲು ಯಾವ ಕಾರಣವೂ ಇಲ್ಲ. ಮುಂದಿನ ಮುಂಗಾರಿಗೆ ಮೊದಲು ಉತ್ತರ ಕನ್ನಡ ಜಿಲ್ಲಾಡಳಿತ ಮತ್ತು ಸಾರಿಗೆ ಇಲಾಖೆ ಈ ಮೂರು ತಾಲ್ಲೂಕುಗಳಲ್ಲಿ ಇದನ್ನು ಆರಂಭಿಸಲಿ. ಅಲ್ಲಿಯವರೆಗೆ ಓದುಗರು ತಮ್ಮ ಮನೆಯ ಹೊಸ ಚಾಲಕರನ್ನು ಒಂದು ಭಾನುವಾರದ ಬೆಳಿಗ್ಗೆ, ಅನುಭವಿ ತರಬೇತುದಾರರೊಂದಿಗೆ, ಖಾಲಿ ಮೈದಾನಕ್ಕೆ ಕಳುಹಿಸಿ ಬ್ರೇಕನ್ನು ಪೂರ್ಣ ಬಲದಿಂದ ತುಳಿದು ನೋಡಲು ಹೇಳಬಹುದು.